ಕಾರ್ನೋ ಎಳೆದ ಗೆರೆ

1824ರ ಬೇಸಿಗೆಯಲ್ಲಿ ಪ್ಯಾರಿಸ್ ನಗರದಲ್ಲಿ ಬೆಂಕಿಯ ಚಾಲಕಶಕ್ತಿಯನ್ನು ಕುರಿತ ಒಂದು ಸಣ್ಣ ಪುಸ್ತಕ ಪ್ರಕಟವಾಯಿತು. ಅದರ ಕರ್ತೃ 28 ವರ್ಷದ ಸೇನಾ ಎಂಜಿನಿಯರಾದ ಸಾದಿ ಕಾರ್ನೋ. ನೆಪೋಲಿಯನ್ನನ ಆಳಿಕೆಯಲ್ಲಿ ಯುದ್ಧಮಂತ್ರಿಯಾಗಿದ್ದು, ಆ ಸಾಮ್ರಾಜ್ಯ ಕುಸಿದ ಮೇಲೆ ಗಡೀಪಾರಾಗಿ, ಹಿಂದಿನ ವರ್ಷವಷ್ಟೇ ಪರದೇಶದಲ್ಲಿ ಮಡಿದಿದ್ದ ಲಾಜಾರ್ ಕಾರ್ನೋನ ಮಗ. ಸೋತ ದೇಶದ ಅಭಿಮಾನಿಯಾದ ಆ ಯುವಕನನ್ನು ಕಾಡಿದ ಪ್ರಶ್ನೆ ತೀರ ಲೌಕಿಕವಾದದ್ದು: ಇಂಗ್ಲೆಂಡಿನ ಗಣಿಗಳಲ್ಲಿಯೂ ಕುಲುಮೆಗಳಲ್ಲಿಯೂ ಹಡಗುಗಳಲ್ಲಿಯೂ ಹಗಲಿರುಳೆನ್ನದೆ ದುಡಿಯುತ್ತ ಆ ದೇಶದ ಐಶ್ವರ್ಯಕ್ಕೂ ಬಲಕ್ಕೂ ಆಧಾರಸ್ತಂಭವಾಗಿದ್ದ ಉಗಿಯಂತ್ರವನ್ನು ಉತ್ತಮಪಡಿಸುತ್ತ ಹೋದರೆ ಆ ಸುಧಾರಣೆಗೆ ಎಲ್ಲಿಯಾದರೂ ಒಂದು ಕೊನೆಯುಂಟೆ, ಉಗಿಯ ಬದಲು ಗಾಳಿಯನ್ನೋ ಮದ್ಯಸಾರದ ಆವಿಯನ್ನೋ ತುಂಬಿದರೆ ಆ ಕೊನೆ ಇನ್ನಷ್ಟು ದೂರ ಸರಿದೀತೆ?

ಆತ ಕಂಡುಕೊಂಡ ಉತ್ತರ ಇಷ್ಟು. ಶಾಖದಿಂದ ಕಾರ್ಯವನ್ನು ಪಡೆಯಬೇಕಾದರೆ ಬಿಸಿಯಾದ ಒಂದು ಆಗರ, ತಣ್ಣಗಿನ ಇನ್ನೊಂದು ಆಗರ, ಎರಡೂ ಬೇಕು. ಯಂತ್ರದೊಳಗಿನ ದ್ರವ್ಯವನ್ನು ಬಿಸಿಯ ಸಂಪರ್ಕದಲ್ಲಿ ಹಿಗ್ಗಿಸಿ, ಆ ಸಂಪರ್ಕವನ್ನು ಕಡಿದು ಮತ್ತಷ್ಟು ಹಿಗ್ಗಿಸಿ, ತಂಪಿನ ಸಂಪರ್ಕದಲ್ಲಿ ಕುಗ್ಗಿಸಿ, ಪುನಃ ಸಂಪರ್ಕ ಕಡಿದು ಕುಗ್ಗಿಸಿ, ಹೀಗೆ ನಾಲ್ಕು ಹೆಜ್ಜೆಗಳಲ್ಲಿ ಮೊದಲಿದ್ದ ಸ್ಥಿತಿಗೇ ತಂದು ನಿಲ್ಲಿಸಿದರೆ ದೊರೆಯಬಹುದಾದ ಗರಿಷ್ಠ ಕಾರ್ಯವು ಎರಡು ಆಗರಗಳ ತಾಪಗಳನ್ನು ಮಾತ್ರ ಅವಲಂಬಿಸಿರುತ್ತದೆ. ದ್ರವ್ಯ ಯಾವುದೆಂಬುದನ್ನು ಎಳ್ಳಷ್ಟೂ ಅವಲಂಬಿಸುವುದಿಲ್ಲ. ಶಾಖವು ಎಂದಿಗೂ ನಾಶವಾಗದ ಒಂದು ಸೂಕ್ಷ್ಮ ದ್ರವವೆಂಬ, ಮುಂದೆ ಸುಳ್ಳೆಂದು ತಿಳಿದುಬಂದ ನಂಬಿಕೆಯ ಮೇಲೆ ನಿಂತು ಆತ ಈ ನಿಜವನ್ನು ಮುಟ್ಟಿದನೆಂಬುದು ವಿಜ್ಞಾನದ ಚರಿತ್ರೆಯ ವಿನೋದಗಳಲ್ಲಿ ಒಂದು. ಪುಸ್ತಕವನ್ನು ಓದಿದವರು ವಿರಳ. 1832ರ ಆಗಸ್ಟಿನಲ್ಲಿ ಕಾಲರಾ ಬೇನೆಯು 36 ವರ್ಷದ ಕಾರ್ನೋವನ್ನು ಕೊಂಡೊಯ್ದಿತು. ಎರಡು ವರ್ಷಗಳ ತರುವಾಯ ಕ್ಲಾಪೆರಾನ್ ಎಂಬ ಎಂಜಿನಿಯರು ಆ ಚಕ್ರವನ್ನು ನಕ್ಷೆಯಾಗಿ ಬರೆದು ತೋರಿಸದಿದ್ದರೆ ಅದು ಮರೆತೇಹೋಗುತ್ತಿತ್ತೇನೋ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ವಿಲಿಯಂ ಥಾಮ್ಸನ್ 1845ರಲ್ಲಿ ಪ್ಯಾರಿಸಿನ ಪುಸ್ತಕದಂಗಡಿಗಳನ್ನೆಲ್ಲ ಅಲೆದು ಕಾರ್ನೋನ ಗ್ರಂಥವನ್ನು ಕೇಳಿದಾಗ, ಅಂಗಡಿಯವರು ಆತನ ತಮ್ಮನಾದ ಇಪ್ಪಾಲಿಟ್ ಬರೆದ ಸಮಾಜವಿಷಯಕ ಪುಸ್ತಕಗಳನ್ನು ಎತ್ತಿ ಕೊಟ್ಟರಂತೆ!

ಕೆಲ್ವಿನ್ ಮತ್ತು ಜರ್ಮನ್ ಭೌತಶಾಸ್ತ್ರಜ್ಞ ಕ್ಲಾಸಿಯಸ್ ಇಬ್ಬರೂ ಶತಮಾನದ ನಡುಗಾಲದಲ್ಲಿ ಈ ಸಿದ್ಧಾಂತದ ಕೊಳೆಯನ್ನು ತೊಳೆದು ಅದಕ್ಕೆ ಶಾಶ್ವತ ರೂಪವನ್ನು ಕೊಟ್ಟರು. ತಣ್ಣನೆಯ ಆಗರದ ನಿರಪೇಕ್ಷ ತಾಪವನ್ನು ಬಿಸಿ ಆಗರದ ನಿರಪೇಕ್ಷ ತಾಪದಿಂದ ಭಾಗಿಸಿ, ಬಂದ ಲಬ್ಧವನ್ನು ಒಂದರಿಂದ ಕಳೆದರೆ ಉಳಿಯುವುದೇ ಯಾವ ಯಂತ್ರವೂ ಮೀರಲಾಗದ ದಕ್ಷತೆಯ ಮಿತಿ. ಬಿಸಿಯು 600 ಕೆಲ್ವಿನ್, ತಂಪು 300 ಕೆಲ್ವಿನ್ ಆದರೆ ನೂರಕ್ಕೆ 50. ಅದರಾಚೆಗೆ ದೇವಶಿಲ್ಪಿಯೂ ಹೋಗಲಾರ. ಆದರೆ ದ್ರವ್ಯ ಯಾವುದಾದರೂ ಆದೀತು ಎಂಬ ಆ ಮಾತಿನಲ್ಲಿ ಕಾರ್ನೋಗೇ ಅರಿವಿಲ್ಲದ ಒಂದು ಸಾಹಸ ಅಡಗಿದ್ದಿತು. ಕೊಳವೆಯೊಳಗೆ ಲೆಕ್ಕವಿಲ್ಲದಷ್ಟು ಅಣುಗಳ ಉಗಿಗೆ ಬದಲಾಗಿ ಒಂದೇ ಅಣುವಿದ್ದರೆ? ಆ ಅಣುವಾದರೂ ನಮ್ಮ ಕಣ್ಣಿನ ಪ್ರಪಂಚದ ನಿಯಮಗಳನ್ನು ಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಮಾತ್ರ ಶಕ್ತಿಯನ್ನು ಕೊಡುವ, ಕೊಳ್ಳುವ ಕ್ವಾಂಟಂ ಪ್ರಪಂಚದ ಪ್ರಜೆಯಾಗಿದ್ದರೆ?

ಈ ಪ್ರಶ್ನೆಯ ಒಂದು ಕೊನೆಯನ್ನು ಹಿಡಿದು ಎಳೆದದ್ದು, ಯಂತ್ರದ ಗೊಡವೆಯೇ ಇಲ್ಲದ ಒಂದು ವಿದ್ವದ್ಗೋಷ್ಠಿ. 1911ರ ಶರತ್ಕಾಲದಲ್ಲಿ ಬ್ರಸೆಲ್ಸ್ ನಗರದಲ್ಲಿ, ಸಾಲ್ವೇ ಎಂಬ ಶ್ರೀಮಂತ ರಸಾಯನೋದ್ಯಮಿಯ ಆಹ್ವಾನದ ಮೇಲೆ, ಯೂರೋಪಿನ ಭೌತಶಾಸ್ತ್ರಜ್ಞರಲ್ಲಿ ಅಗ್ರಗಣ್ಯರಾದವರು ಕೂಡಿದ್ದರು. ಪ್ಲಾಂಕನು 1900ರಲ್ಲಿ ಮುಂದಿಟ್ಟಿದ್ದ ಶಕ್ತಿಕಣದ ಕಲ್ಪನೆಯನ್ನು ಏನು ಮಾಡಬೇಕೆಂಬುದೇ ಚರ್ಚೆಯ ವಸ್ತು. ಅಧ್ಯಕ್ಷಪೀಠದಲ್ಲಿದ್ದ ಹಿರಿಯ ಲೊರೆಂಟ್ಸ್ ಒಂದು ಸರಳವಾದ ಸಂದೇಹವನ್ನೆತ್ತಿದ. ಲೋಲಕವೊಂದು ತನ್ನ ಕಂಪನಕ್ಕೆ ತಕ್ಕ ಪೂರ್ಣಸಂಖ್ಯೆಯ ಶಕ್ತಿಕಣಗಳನ್ನು ಹೊತ್ತು ತೂಗುತ್ತಿದೆ ಎನ್ನೋಣ. ಅದರ ದಾರವನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಕೆಳಕ್ಕೆ ಜಾರಿಸಿ ಗಿಡ್ಡಗೊಳಿಸಿದರೆ ಕಂಪನಾಂಕ ಏರುತ್ತದೆ, ಒಂದೊಂದು ಕಣದ ಗಾತ್ರವೂ ಹಿರಿದಾಗುತ್ತದೆ. ಆಗ ಲೋಲಕದಲ್ಲಿರುವ ಶಕ್ತಿ ಪೂರ್ಣ ಕಣಗಳಿಗೆ ಸಾಲದೆ ಹೋಗುವುದಿಲ್ಲವೆ? ಐನ್‌ಸ್ಟೈನ್ ಕೊಟ್ಟ ಉತ್ತರ: ದಾರವನ್ನು ಅತ್ಯಂತ ನಿಧಾನವಾಗಿ ಕುಗ್ಗಿಸಿದ್ದೇ ಆದರೆ ಬೆರಳು ಮಾಡುವ ಕಾರ್ಯದಿಂದ ಶಕ್ತಿಯೂ ಅದೇ ಪ್ರಮಾಣದಲ್ಲಿ ಏರಿ, ಶಕ್ತಿಗೂ ಕಂಪನಾಂಕಕ್ಕೂ ಇರುವ ಅನುಪಾತ ಕದಲದೆ ನಿಲ್ಲುತ್ತದೆ. ಲೈಡನ್ನಿನ ಎರೆನ್‌ಫೆಸ್ಟ್ ಈ ತತ್ತ್ವವನ್ನು ಸ್ವತಂತ್ರವಾಗಿ ಬೆಳೆಸಿ ಕ್ವಾಂಟಂ ಸಿದ್ಧಾಂತದ ಆಧಾರಶಿಲೆಗಳಲ್ಲಿ ಒಂದನ್ನಾಗಿ ಮಾಡಿದ. ಶಾಖದ ಸಂಪರ್ಕವನ್ನು ಕಡಿದು ಹಿಗ್ಗಿಸುವ, ಕುಗ್ಗಿಸುವ ಕಾರ್ನೋನ ಎರಡು ಹೆಜ್ಜೆಗಳಿಗೆ ಪರಮಾಣುಲೋಕದಲ್ಲಿ ಅರ್ಥ ಕೊಟ್ಟದ್ದು ಇದೇ ಲೋಲಕ. ಆದರೆ ಅಂದು ಹಾಗೆ ಭಾವಿಸಿದವರು ಯಾರೂ ಇದ್ದಂತೆ ತೋರುವುದಿಲ್ಲ.

ಇನ್ನೊಂದು ಕೊನೆಯನ್ನು ಹಿಡಿದವನು ಬರ್ಲಿನ್ನಿನಲ್ಲಿದ್ದ ಹಂಗೇರಿಯ ಲಿಯೊ ಜಿಲಾರ್ಡ್. 1929ರಲ್ಲಿ ಪ್ರಕಟವಾದ ಆತನ ಪ್ರಬಂಧದಲ್ಲಿ ಕೊಳವೆಯೊಳಗಿರುವುದು ಒಂದೇ ಒಂದು ಅಣು. ನಡುವೆ ತೆರೆಯಿಳಿಸಿ, ಅಣು ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ನೋಡಿ, ಅದಕ್ಕನುಸಾರವಾಗಿ ತೂಕವನ್ನು ಕಟ್ಟಿದರೆ, ಆ ಅಣು ತೆರೆಯನ್ನು ತಳ್ಳಿ ತೂಕವನ್ನೆತ್ತುತ್ತದೆ. ಕೊಠಡಿಯ ತಾಪದಲ್ಲಿ ಒಂದು ಸಲಕ್ಕೆ ದೊರೆಯುವ ಕಾರ್ಯ ಒಂದು ಜೌಲನ್ನು ಹತ್ತರ ಇಪ್ಪತ್ತೊಂದನೆಯ ಘಾತದಿಂದ ಭಾಗಿಸಿ ಬಂದದ್ದರ ಸುಮಾರು ಮೂರರಷ್ಟು. ಒಂದೇ ಆಗರದಿಂದ ಕಾರ್ಯ! ಕಾರ್ನೋನ ಗೆರೆ ಅಳಿಸಿಹೋಯಿತೆ? ಇಲ್ಲ, ಎಡಬಲಗಳನ್ನು ತಿಳಿದುಕೊಳ್ಳುವ ಕ್ರಿಯೆಗೇ ಬೆಲೆ ತೆರಬೇಕಾಗುತ್ತದೆಂದು ಜಿಲಾರ್ಡ್ ವಾದಿಸಿದ, ಆ ಬೆಲೆ ನಿಜವಾಗಿ ಕಟ್ಟಬೇಕಾದದ್ದು ತಿಳಿದದ್ದನ್ನು ಅಳಿಸುವಾಗ ಎಂದು 1961ರಲ್ಲಿ ಲ್ಯಾಂಡಾಯರ್ ತೋರಿಸಿದ ತತ್ತ್ವದ ಬಲದಿಂದ ಮುಂದೆ ಲೆಕ್ಕ ಸರಿಹೋಯಿತು. ಮೀರಿದಂತೆ ಕಂಡ ಯಂತ್ರ, ಬಚ್ಚಿಟ್ಟ ಒಂದು ವೆಚ್ಚ, ವೆಚ್ಚ ಸೇರಿದೊಡನೆ ಹಳೆಯ ಮಿತಿ: ಈ ಕಥೆ ಮುಂದೆಯೂ ಮರುಕಳಿಸುತ್ತದೆ.

ಇಷ್ಟೆಲ್ಲ ಕಾಗದದ ಮೇಲಿನ ಯಂತ್ರಗಳು. ನಿಜವಾದ ಮೊದಲ ಕ್ವಾಂಟಂ ಯಂತ್ರವಾದರೋ, ತಾನು ಉಷ್ಣಯಂತ್ರವೆಂಬುದು ತನ್ನನ್ನು ಕಟ್ಟಿದವರಿಗೇ ತಿಳಿಯದಂತೆ ಬೇರೆಯ ವೇಷದಲ್ಲಿ ಹುಟ್ಟಿತು. ಎರಡನೆಯ ಮಹಾಯುದ್ಧದ ರೇಡಾರಿನಿಂದ ಪಳಗಿದ ಕೈಗಳು ಯುದ್ಧಾನಂತರ ಮೈಕ್ರೋವೇವ್ ತರಂಗಗಳನ್ನು ಅಣುಗಳ ಅಧ್ಯಯನಕ್ಕೆ ತಿರುಗಿಸಿದವು. ಕೊಲಂಬಿಯ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಟೌನ್ಸ್ ಮತ್ತು ಸಂಗಡಿಗರು 1954ರಲ್ಲಿ ಅಮೋನಿಯ ಅಣುಗಳ ಹೊಳೆಯಿಂದ ಉನ್ನತ ಶಕ್ತಿಮಟ್ಟದಲ್ಲಿರುವವನ್ನು ಮಾತ್ರ ಆರಿಸಿ, ಅವು ಒಟ್ಟಾಗಿ ಕೆಳಕ್ಕಿಳಿಯುವಾಗ ಹೊರಸೂಸುವ ತರಂಗದಿಂದ ಕ್ಷೀಣವಾದ ಸಂಕೇತವನ್ನು ವರ್ಧಿಸಿದರು, ಅದೇ ಮೇಸರ್. ಅಣುಗಳನ್ನು ಹೀಗೆ ಆರಿಸುವ ತೊಡಕನ್ನು ತಪ್ಪಿಸಲು ಹಾರ್ವರ್ಡಿನ ಬ್ಲೂಂಬೆರ್ಗೆನ್ 1956ರಲ್ಲಿ ಮೂರು ಶಕ್ತಿಮಟ್ಟಗಳ ಉಪಾಯವನ್ನು ಸೂಚಿಸಿದ. ಮರುವರ್ಷ ಬೆಲ್ ಪ್ರಯೋಗಾಲಯದ ಸ್ಕೋವಿಲ್, ಫೆಹರ್, ಸೈಡೆಲ್ ಎಂಬ ಮೂವರು ಗ್ಯಾಡೋಲಿನಿಯಂ ಲವಣದ ಹರಳೊಂದನ್ನು ದ್ರವ ಹೀಲಿಯಂನ ಶೈತ್ಯದಲ್ಲಿಟ್ಟು ಅದನ್ನು ಮಾಡಿಯೂ ತೋರಿಸಿದರು. ದೂರವಾಣಿ ಕಂಪನಿಯ ಪ್ರಯೋಗಾಲಯವದು. ಬೇಕಾಗಿದ್ದದ್ದು ಗದ್ದಲವಿಲ್ಲದ ವರ್ಧಕ, ಅಷ್ಟೆ.

ಆದರೆ ಸ್ಕೋವಿಲ್ಲನೂ ಅವನ ಸಹೋದ್ಯೋಗಿಯಾದ ಶುಲ್ಟ್ಸ್-ಡ್ಯುಬ್ವಾ ಎಂಬಾತನೂ ತಮ್ಮ ಕೈಯಲ್ಲಿದ್ದ ಉಪಕರಣವನ್ನು ಇನ್ನೊಂದು ಕಣ್ಣಿನಿಂದ ನೋಡಿದರು. ಆ ನೋಟದ ಫಲವಾಗಿ 1959ರಲ್ಲಿ, ಹಿಂದಿನ ವರ್ಷವಷ್ಟೇ ಹುಟ್ಟಿದ್ದ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಯಲ್ಲಿ ಅಚ್ಚಾದ, ಮೂರುಮಟ್ಟದ ಮೇಸರನ್ನು ಉಷ್ಣಯಂತ್ರವೆಂದು ಪರಿಗಣಿಸುವ ಪುಟ್ಟ ಪ್ರಬಂಧವು, ನನ್ನ ಎಣಿಕೆಯಲ್ಲಿ, ಈ ಚರಿತ್ರೆಯ ಕೇಂದ್ರಬಿಂದು. ಅದರ ತರ್ಕವನ್ನು ಅವಸರವಿಲ್ಲದೆ ಅನುಸರಿಸುವುದು ಯುಕ್ತ. ಪರಮಾಣುವಿಗೆ ಮೂರು ಮಟ್ಟಗಳಿವೆ: ಕೆಳಗಿನದು, ನಡುವಿನದು, ಮೇಲಿನದು. ಕೆಳಗಿನದಕ್ಕೂ ಮೇಲಿನದಕ್ಕೂ ನಡುವಣ ಅಂತರಕ್ಕೆ ಹೊಂದುವ ಕಂಪನಾಂಕವನ್ನು ಮಾತ್ರ ಹಾಯಗೊಡುವ ಒಂದು ತರಂಗನಾಳವನ್ನು ಬಿಸಿ ಆಗರಕ್ಕೆ ಜೋಡಿಸುವುದು. ಮೇಲಿನದಕ್ಕೂ ನಡುವಿನದಕ್ಕೂ ಇರುವ ಅಂತರವನ್ನು ಅದೇ ಬಗೆಯಾಗಿ ತಣ್ಣನೆಯ ಆಗರಕ್ಕೆ ಜೋಡಿಸುವುದು. ಬಿಸಿಯಿಂದ ಒಂದು ಶಕ್ತಿಕಣ ಬಂದಾಗ ಪರಮಾಣು ಮೇಲಕ್ಕೇರುತ್ತದೆ. ತಂಪಿಗೆ ಒಂದು ಕಣವನ್ನು ಚೆಲ್ಲಿ ನಡುವಿಗಿಳಿಯುತ್ತದೆ. ಅಲ್ಲಿಂದ ಕೆಳಕ್ಕಿಳಿಯುವಾಗ ಕೊಡುವ ಮೂರನೆಯ ಕಣವೇ ವರ್ಧಿತ ಸಂಕೇತ, ಅದೇ ಯಂತ್ರದ ಕಾರ್ಯ. ಹೀಗೆ ಪಿಸ್ಟನ್ನಿಲ್ಲ, ಕವಾಟವಿಲ್ಲ, ಚಕ್ರವಿಲ್ಲ; ಆದರೂ ಬಿಸಿಯಿಂದ ಕೊಂಡದ್ದು, ತಂಪಿಗೆ ತೆತ್ತದ್ದು, ಹೊರಕ್ಕೆ ದುಡಿದದ್ದು ಎಂಬ ಮೂರು ಬಾಬುಗಳೂ ಖಾತೆಯಲ್ಲಿ ಸ್ಪಷ್ಟವಾಗಿ ನಿಂತಿವೆ.

ಈ ಯಂತ್ರದ ದಕ್ಷತೆ ಎಷ್ಟು? ಸಂಕೇತದ ಕಂಪನಾಂಕವನ್ನು ಬಿಸಿಯಿಂದ ಬಂದ ಕಣದ ಕಂಪನಾಂಕದಿಂದ ಭಾಗಿಸಿದರಾಯಿತು. ಈ ಸಂಖ್ಯೆಯಲ್ಲಿ ತಾಪದ ಹೆಸರೇ ಇಲ್ಲವಲ್ಲ, ಮಟ್ಟಗಳನ್ನು ಇಷ್ಟಬಂದಂತೆ ಆರಿಸಿ ದಕ್ಷತೆಯನ್ನು ನೂರರ ಹತ್ತಿರಕ್ಕೆ ಒಯ್ಯಬಹುದಲ್ಲ ಎಂದು ಒಡನೆಯೆ ತೋರುತ್ತದೆ. ತಡೆ ಬರುವುದು ಇನ್ನೊಂದು ದಿಕ್ಕಿನಿಂದ. ವರ್ಧನೆ ನಡೆಯಬೇಕಾದರೆ ಕೆಳಗಿನ ಮಟ್ಟಕ್ಕಿಂತ ನಡುವಿನ ಮಟ್ಟದಲ್ಲಿ ಹೆಚ್ಚು ಪರಮಾಣುಗಳಿರಬೇಕು. ಯಾವ ಮಟ್ಟದಲ್ಲಿ ಎಷ್ಟಿರಬೇಕೆಂಬುದನ್ನು ಗೊತ್ತುಮಾಡುವುದು ಬೋಲ್ಟ್ಸ್‌ಮನ್ನನ ಸೂತ್ರದಂತೆ ಎರಡು ಆಗರಗಳ ತಾಪಗಳೇ. ಆ ಎರಡು ಷರತ್ತುಗಳನ್ನು ಜೋಡಿಸಿ ನಾಲ್ಕು ಸಾಲಿನ ಗಣಿತ ಮಾಡಿದರೆ, ಕಂಪನಾಂಕಗಳ ಆ ಅನುಪಾತವು ಕಾರ್ನೋನ ಮಿತಿಯನ್ನು ಮೀರಿದೊಡನೆ ವರ್ಧನೆ ನಿಂತುಹೋಗುತ್ತದೆಂದು ತಿಳಿಯುತ್ತದೆ. ಮಿತಿಯನ್ನು ಸರಿಯಾಗಿ ಮುಟ್ಟಿದ ಕ್ಷಣದಲ್ಲಿ ಯಂತ್ರ ದುಡಿಯುವುದೂ ಇಲ್ಲ, ದಣಿಯುವುದೂ ಇಲ್ಲ. ಅದನ್ನೂ ದಾಟಿ, ಹೊರಗಿನಿಂದ ಸಂಕೇತವನ್ನು ಒಳಕ್ಕೆ ನೂಕಿದರೆ ಚಕ್ರ ಹಿಮ್ಮುಖವಾಗಿ ತಿರುಗಿ, ತಂಪಿನಿಂದ ಶಾಖವನ್ನೆತ್ತಿ ಬಿಸಿಗೆ ಸುರಿಯುವ ಶೈತ್ಯಯಂತ್ರವಾಗುತ್ತದೆ. 135 ವರ್ಷಗಳ ಹಿಂದೆ ಕಲ್ಲಿದ್ದಲಿನ ಹೊಗೆಯ ಮಧ್ಯೆ ಒಬ್ಬ ಸೇನಾಧಿಕಾರಿ ಎಳೆದ ಗೆರೆಯು ಪರಮಾಣುವಿನ ಒಡಲಿನಲ್ಲಿ ಕೂದಲೆಳೆಯಷ್ಟೂ ಸರಿಯದೆ ಇತ್ತು.

ಈ ಪ್ರಬಂಧವನ್ನು ಆಗ ಹೆಚ್ಚು ಜನ ಲಕ್ಷಿಸಲಿಲ್ಲ. ಅದರ ಕರ್ತೃಗಳೇ ಗ್ಯೂಸಿಕ್ ಎಂಬಾತನೊಡಗೂಡಿ 1967ರಲ್ಲಿ ಕಾರ್ನೋ ಚಕ್ರದ ಕ್ವಾಂಟಂ ಪ್ರತಿರೂಪವನ್ನು ಕುರಿತು ವಿಸ್ತಾರವಾಗಿ ಬರೆದರು; ಅನಂತರ ಮೌನ. ಮೇಸರಿಗೆ ಮಾತ್ರ ಕೆಲಸಕ್ಕೆ ಕೊರತೆಯಿರಲಿಲ್ಲ. ಬಿಸಿ ಆಗರದ ಬದಲು ಮೈಕ್ರೋವೇವ್ ಜನಕದಿಂದ ಶಕ್ತಿಯೂಡಿಸಿದ ಮಾಣಿಕ್ಯದ ಮೇಸರು 1962ರಲ್ಲಿ ಟೆಲ್‌ಸ್ಟಾರ್ ಉಪಗ್ರಹದ ಸಂಕೇತವನ್ನು ಮೇಯ್ನ್ ಸಂಸ್ಥಾನದ ಆಂಡೋವರಿನಲ್ಲಿ ಆಲಿಸಿತು. ಮುಂದೆ ಹೋಮ್‌ಡೆಲ್ಲಿನ ಕೊಂಬಿನಾಕಾರದ ಆಂಟೆನಕ್ಕೆ ಅಂಥದೇ ಮೇಸರನ್ನು ಜೋಡಿಸಿ ಕುಳಿತ ಬೆಲ್ ಪ್ರಯೋಗಾಲಯದ ಪೆನ್ಜಿಯಸ್ ಮತ್ತು ವಿಲ್ಸನ್, ಎತ್ತ ತಿರುಗಿಸಿದರೂ ಹೋಗದ ಸುಮಾರು ಮೂರೂವರೆ ಕೆಲ್ವಿನ್ನಿನ ಗುಂಜಾರವವನ್ನು ಕೇಳಿ, ವಿಶ್ವದ ಆದಿಯ ಬೆಂಕಿಯ ಉಳಿದ ಬಿಸುಪನ್ನು 1965ರಲ್ಲಿ ಲೋಕಕ್ಕೆ ಸಾರಿದರು.

ಮೌನ ಮುರಿದದ್ದು ಗಣಿತದಿಂದ. ಪರಮಾಣು ಒಂಟಿಯಾಗಿದ್ದರೆ ಶ್ರೋಡಿಂಗರನ ಸಮೀಕರಣ ಸಾಕು; ಆಗರಗಳೊಡನೆ ಕೊಡುಕೊಳ್ಳುವ ವ್ಯವಹಾರಕ್ಕೆ ಇಳಿದೊಡನೆ ಅದು ಸಾಲದು. 1976ರಲ್ಲಿ ಗೊರಿನಿ, ಕೊಸ್ಸಕೋವ್ಸ್ಕಿ, ಸುದರ್ಶನ್ ಎಂಬ ಮೂವರೂ, ಬೇರೆಯಾಗಿ ಸ್ವೀಡನ್ನಿನ ಲಿಂಡ್‌ಬ್ಲಾಡ್‌ನೂ, ಇಂಥ ತೆರೆದ ವ್ಯವಸ್ಥೆಗಳು ಹೇಗೆ ನಡೆದುಕೊಳ್ಳಬೇಕೆಂಬ ಸಾಮಾನ್ಯ ಸಮೀಕರಣವನ್ನು ಕೊಟ್ಟರು. ಈ ಸುದರ್ಶನರು ಕೇರಳದ ಕೋಟ್ಟಯಂ ಪ್ರಾಂತದವರು. ಅಮೆರಿಕದ ಟೆಕ್ಸಾಸಿನಲ್ಲಿ ಪ್ರಾಧ್ಯಾಪಕರಾಗಿದ್ದುಕೊಂಡೇ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು ಕಟ್ಟಿದವರು. ಆ ನಾಲ್ವರ ಸಮೀಕರಣವನ್ನು ಆಧರಿಸಿ ಪೋಲೆಂಡಿನ ರಾಬರ್ಟ್ ಅಲಿಟ್ಸ್ಕಿ 1979ರಲ್ಲಿ ಬಹುಕಾಲದಿಂದ ಮಸುಕಾಗಿದ್ದ ಒಂದು ವಿಷಯವನ್ನು ನಿಚ್ಚಳಗೊಳಿಸಿದ: ಪರಮಾಣುವಿನ ಮಟ್ಟಿಗೆ ಕಾರ್ಯವೆಂದರೇನು, ಶಾಖವೆಂದರೇನು? ಅಡುಗೆಮನೆಯ ಗೋಡೆಯ ಹಲಗೆಗಳ ಮೇಲೆ ಕೊಡಗಳನ್ನಿಟ್ಟಿರುವಾಗ ಹಲಗೆಯನ್ನೇ ಕೊಡಗಳ ಸಮೇತ ಮೇಲಕ್ಕೆತ್ತುವುದು ಒಂದು, ಹಲಗೆ ಇದ್ದಲ್ಲಿಯೇ ಇದ್ದು ಕೊಡಗಳನ್ನು ಕೆಳಗಿನ ಹಲಗೆಯಿಂದ ಮೇಲಿನದಕ್ಕೆ ಸಾಗಿಸುವುದು ಇನ್ನೊಂದು. ಶಕ್ತಿಮಟ್ಟಗಳನ್ನೇ ಸರಿಸುವುದು ಕಾರ್ಯ, ಮಟ್ಟಗಳ ಮೇಲಿನ ಹಂಚಿಕೆಯನ್ನು ಬದಲಿಸುವುದು ಶಾಖ. ಜೆರೂಸಲೇಮಿನ ರಾನಿ ಕಾಸ್ಲಾಫ್ 1984ರಿಂದ ಮೊದಲ್ಗೊಂಡು ಇದೇ ಹಾದಿಯಲ್ಲಿ ದಶಕಗಳ ಕಾಲ ದುಡಿದರು. ಮಟ್ಟಗಳನ್ನು ಅವಸರದಿಂದ ಸರಿಸಿದರೆ ಪರಮಾಣು ಹಲವು ಮಟ್ಟಗಳಲ್ಲಿ ಏಕಕಾಲಕ್ಕೆ ಹರಡಿಕೊಂಡು, ಅದನ್ನು ಮತ್ತೆ ಹದಕ್ಕೆ ತರುವುದರಲ್ಲಿ ಕಾರ್ಯ ವ್ಯರ್ಥವಾಗುತ್ತದೆಂದು ತೋರಿಸಿ, ಕೀಲೂ ಎಣ್ಣೆಯೂ ಇಲ್ಲದ ಯಂತ್ರಕ್ಕೂ ಘರ್ಷಣೆಯುಂಟೆಂದು ಅವರು ಸಾರಿದರು. ಲೊರೆಂಟ್ಸನ ಲೋಲಕದ ದಾರವನ್ನು ಬೆರಳು ಸರ್ರನೆ ಎಳೆದರೆ ಆಗುವ ಅವಾಂತರವೇ ಇದು. 2007ರಲ್ಲಿ ಚೀನ ಜಪಾನುಗಳ ವಿದ್ವಾಂಸರಾದ ಕ್ವಾನ್, ಲಿಯು, ಸುನ್, ನೋರಿ ಎಂಬ ನಾಲ್ವರು ಕಾರ್ನೋ ಚಕ್ರದ ಮತ್ತು ಪೆಟ್ರೋಲ್ ಎಂಜಿನ್ನಿನ ಮಾದರಿಯಾದ ಆಟೋ ಚಕ್ರದ ಒಂದೊಂದು ಹೆಜ್ಜೆಗೂ ಕ್ವಾಂಟಂ ಅರ್ಥವನ್ನು ಕ್ರಮವಾಗಿ ನಿರೂಪಿಸಿದ ಮೇಲೆ ಈ ಶಾಸ್ತ್ರಕ್ಕೆ ಪಠ್ಯದ ಗಾಂಭೀರ್ಯ ಬಂದಿತು.

ಈ ನಡುವೆ ಗೆರೆ ದಾಟಿತೆಂಬ ಕೂಗೂ ಎದ್ದಿತು. 2003ರಲ್ಲಿ ಮಾರ್ಲನ್ ಸ್ಕಲಿ, ಜುಬೈರಿ, ನಮ್ಮ ದೇಶದ ಗಿರೀಶ್ ಅಗರವಾಲ್, ಜರ್ಮನಿಯ ವಾಲ್ಟರ್ ಇವರು, ಬೆಳಕಿನ ಒತ್ತಡದಿಂದ ಪಿಸ್ಟನ್ ತಳ್ಳುವ ಒಂದು ಕಲ್ಪಿತ ಯಂತ್ರದಲ್ಲಿ, ಪರಮಾಣುಗಳ ಕ್ವಾಂಟಂ ಸುಸಂಬದ್ಧತೆಯನ್ನು, ಅಂದರೆ ಹಲವು ಮಟ್ಟಗಳಲ್ಲಿ ಏಕಕಾಲಕ್ಕೆ ಹರಡಿಕೊಂಡಿರುವ ಗುಣವನ್ನು, ಉರುವಲಾಗಿ ಬಳಸಿದರೆ ಒಂದೇ ತಾಪದ ಆಗರದಿಂದಲೂ ಕಾರ್ಯ ಹುಟ್ಟೀತೆಂದು ತೋರಿಸಿದರು. 2014ರಲ್ಲಿ ಜರ್ಮನಿಯ ಮೈಂಟ್ಸಿನ ಪ್ರಯೋಗಕಾರರೂ ಸಿದ್ಧಾಂತಿಯಾದ ಎರಿಕ್ ಲುಟ್ಸನ ಬಳಗವೂ ಕೂಡಿ, ಆಗರದ ಕಂಪನವನ್ನು ಒಂದು ದಿಕ್ಕಿನಲ್ಲಿ ಹಿಂಡಿ ಇನ್ನೊಂದರಲ್ಲಿ ಉಬ್ಬಿಸಿದರೆ ಕಾರ್ನೋನ ಸಂಖ್ಯೆಯನ್ನು ಮೀರಬಹುದೆಂದು ಲೆಕ್ಕ ಕೊಟ್ಟರು. ಎರಡೂ ಲೆಕ್ಕಗಳು ಸರಿಯಾದವೇ. ಅವುಗಳ ಕರ್ತೃಗಳು ಕಾರ್ನೋನ ಗೆರೆಯ ಹಿಂದಿರುವ ಉಷ್ಣಗತಿಶಾಸ್ತ್ರದ ಎರಡನೆಯ ನಿಯಮ ಮುರಿಯಿತೆಂದು ಹೇಳಲೂ ಇಲ್ಲ. ಹೇಳಿದವರು ಸುದ್ದಿಯನ್ನು ಬಿತ್ತರಿಸಿದವರು. ಸುಸಂಬದ್ಧತೆಯನ್ನು ಅಣಿಮಾಡಲು, ಆಗರವನ್ನು ಹಿಂಡಲು ತಗಲುವ ವೆಚ್ಚವನ್ನು ಸೇರಿಸಿಕೊಂಡರೆ, ಜಿಲಾರ್ಡನ ಅಣುವಿಗೆ ಆದದ್ದೇ ಇವಕ್ಕೂ ಆಗುತ್ತದೆ. ಕಾರ್ನೋ ಮಾತನಾಡಿದ್ದು ಬರಿಯ ಶಾಖದ ಆಗರಗಳನ್ನು ಕುರಿತು. ಹಿಂಡಿದ ಆಗರ ಬರಿಯ ಶಾಖವಲ್ಲ.

ಕಡೆಗೆ 2016ರ ಏಪ್ರಿಲಿನಲ್ಲಿ, ಅದೇ ಮೈಂಟ್ಸಿನ ವಿಶ್ವವಿದ್ಯಾನಿಲಯದಲ್ಲಿ ರಾಸ್‌ನಾಗೆಲ್, ಶ್ಮಿಟ್-ಕಾಲರ್, ಸಿಂಗರ್ ಮತ್ತು ಸಂಗಡಿಗರು ಒಂದೇ ಪರಮಾಣುವಿನಿಂದ ಓಡುವ ಉಷ್ಣಯಂತ್ರದ ವರದಿಯನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕ್ಯಾಲ್ಸಿಯಂನ ಒಂದು ಅಯಾನನ್ನು ವಿದ್ಯುತ್ ಕ್ಷೇತ್ರಗಳ ಬಲೆಯಲ್ಲಿ ತೂಗುಹಾಕಿದ್ದರು. ಆ ಬಲೆಯ ಕಡ್ಡಿಗಳನ್ನು ಸಮಾಂತರವಾಗಿಡದೆ ಆಲಿಕೆಯ ಆಕಾರದಲ್ಲಿ ಓರೆಯಾಗಿಸಿದ್ದರಲ್ಲಿಯೇ ಜಾಣ್ಮೆಯಿದ್ದದ್ದು. ವಿದ್ಯುತ್ ಗದ್ದಲದಿಂದ ಕಾಯಿಸಿದಾಗ ಅಯಾನು ಅಡ್ಡಡ್ಡಲಾಗಿ ಹೆಚ್ಚು ಹೊಯ್ದಾಡಿ, ಇಕ್ಕಟ್ಟನ್ನು ತಾಳದೆ ಆಲಿಕೆಯ ಅಗಲವಾದ ಕಡೆಗೆ ಸರಿಯುತ್ತದೆ. ಲೇಸರಿನಿಂದ ತಣಿದಾಗ ಹಿಂದಕ್ಕೆ ಬರುತ್ತದೆ. ಗದ್ದಲವನ್ನು ಸರಿಯಾದ ಲಯದಲ್ಲಿ ಬಿಟ್ಟು ಬಿಟ್ಟು ಹಾಯಿಸಿದರೆ ಈ ಹಿಂದುಮುಂದಿನ ಓಲಾಟ ಕ್ರಮೇಣ ಬಲಿಯುತ್ತ, ದುಡಿದ ಕಾರ್ಯವನ್ನು ಉಗಿಯಂತ್ರದ ಗಾಲಿಯಂತೆ ಕೂಡಿಟ್ಟುಕೊಳ್ಳುತ್ತದೆ. ಯಂತ್ರದ ಸಾಮರ್ಥ್ಯ ಒಂದು ವ್ಯಾಟನ್ನು ಹತ್ತರ ಇಪ್ಪತ್ತೆರಡನೆಯ ಘಾತದಿಂದ ಭಾಗಿಸಿ ಬಂದದ್ದರ 3.4ರಷ್ಟು, ದಕ್ಷತೆ ನೂರಕ್ಕೆ 0.28. ನಗುವವರು ನಗಬಹುದು, ಆದರೆ ಆ ಸಾಮರ್ಥ್ಯವನ್ನು ಅಯಾನಿನ ತೂಕದಿಂದ ಭಾಗಿಸಿ ನೋಡಿದರೆ ಒಂದು ಕಿಲೋಗ್ರಾಮಿಗೆ ಸುಮಾರು 5 ಕಿಲೋವ್ಯಾಟ್ ಬರುತ್ತದೆ, ಮೋಟಾರುಕಾರಿನ ಎಂಜಿನ್ನು ನಾಚಬೇಕಾದೀತು. ಬಲೆಯ, ಲೇಸರಿನ, ನಿರ್ವಾತ ಪಂಪಿನ ತೂಕವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲವೆಂಬುದನ್ನು ಓದುಗರು ಮರೆಯಲಾಗದು. ಇಷ್ಟಾಗಿಯೂ ಆ ಅಯಾನಿನ ಚಲನೆ ಕ್ವಾಂಟಂ ಲಕ್ಷಣಗಳು ಕಾಣಿಸುವಷ್ಟು ತಣ್ಣಗಿರಲಿಲ್ಲ. ಪರಮಾಣುವೊಂದೇ ಆದರೂ ಅದು ಅಂದು ನಡೆದದ್ದು ಕಾರ್ನೋನ ಕಾಲದ ನಡಿಗೆಯನ್ನೇ.

ಅದೇ ವರ್ಷ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಜಯ್ ಸೂದ್, ರಾಜೇಶ್ ಗಣಪತಿ ಮೊದಲಾದವರು, ಲೇಸರಿನ ಚಿಮಟದಲ್ಲಿ ಹಿಡಿದ ಮೈಕ್ರಾನ್ ಗಾತ್ರದ ಮಣಿಯೊಂದನ್ನು ಜೀವಂತ ಬ್ಯಾಕ್ಟೀರಿಯಗಳು ಗಿಜಿಗುಡುವ ದ್ರವದಲ್ಲಿಟ್ಟು ಸ್ಟರ್ಲಿಂಗ್ ಚಕ್ರವೆಂಬ ಇನ್ನೊಂದು ಬಗೆಯ ಉಷ್ಣಚಕ್ರವನ್ನು ಓಡಿಸಿದರು. ಕ್ವಾಂಟಂ ಯಂತ್ರವಲ್ಲ ಅದು. ಆದರೂ ಇಲ್ಲಿ ಅದರ ಹೆಸರನ್ನು ಬಿಡಲಾಗದು, ಏಕೆಂದರೆ ಸಾಮಾನ್ಯ ಶಾಖದ ಆಗರಗಳ ನಡುವೆ ದುಡಿಯುವ ಅಂಥದೇ ಯಂತ್ರಕ್ಕಿಂತ ಇದರ ದಕ್ಷತೆ ಹೆಚ್ಚಾಗಿತ್ತು, ಮತ್ತು ಕಾರಣವೂ ಹಿಂಡಿದ ಆಗರದ ಕಾರಣಕ್ಕೆ ತೀರ ಹತ್ತಿರದ್ದು: ಉಂಡು ಈಜುವ ಜೀವಿಗಳ ನೂಕಾಟ ಸಮತೋಲದಲ್ಲಿರುವ ಶಾಖದ ಅಲುಗಾಟವಲ್ಲ.

ಕ್ವಾಂಟಂ ನಡಿಗೆಯ ಸಾಕ್ಷ್ಯ ದೊರೆತದ್ದು 2019ರಲ್ಲಿ. ವಜ್ರದ ಹರಳಿನಲ್ಲಿ ಇಂಗಾಲದ ಒಂದು ಪರಮಾಣುವಿನ ಸ್ಥಾನವನ್ನು ಸಾರಜನಕವು ಆಕ್ರಮಿಸಿ ಅದರ ಮಗ್ಗುಲು ಖಾಲಿಯಾಗಿ ಉಳಿದಾಗ ಉಂಟಾಗುವ ಮೂರುಮಟ್ಟದ ಕೇಂದ್ರಗಳನ್ನು ಬಳಸಿ, ಆಕ್ಸ್‌ಫರ್ಡಿನ ಪ್ರಯೋಗಕಾರರು, ಸುಸಂಬದ್ಧತೆಯುಳ್ಳ ಯಂತ್ರವು ಅಷ್ಟೇ ಸಾಮಗ್ರಿಯ ಸುಸಂಬದ್ಧತೆಯಿಲ್ಲದ ಯಂತ್ರಕ್ಕೆ ಸಾಧ್ಯವಾದ ಸಾಮರ್ಥ್ಯದ ಎಲ್ಲೆಯನ್ನು ಮೀರುತ್ತದೆಂದು ಅಳೆದರು. ಹೆಚ್ಚಿದ್ದು ಸಾಮರ್ಥ್ಯ, ಅಂದರೆ ದುಡಿಮೆಯ ವೇಗ. ದಕ್ಷತೆಯ ಗೆರೆ ಇದ್ದಲ್ಲಿಯೇ ಇದ್ದಿತು. ಕಾರ್ನೋನ ಪೂರ್ಣ ದಕ್ಷತೆಯನ್ನು ಮುಟ್ಟುವ ಯಂತ್ರ ಅನಂತ ನಿಧಾನವಾಗಿ ಓಡಬೇಕಾದ್ದರಿಂದ, ವೇಗದಲ್ಲಿ ದೊರೆತ ಲಾಭವೇ ನನಗೆ ಹಿರಿದಾಗಿ ಕಾಣುತ್ತದೆ.

ಇಷ್ಟು ಸಣ್ಣ ಯಂತ್ರದಿಂದ ಉಪಯೋಗವೇನು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಚಕ್ರವನ್ನು ಹಿಮ್ಮುಖವಾಗಿ ತಿರುಗಿಸಿದವರಿಂದ. 2010ರಲ್ಲಿ ಬ್ರಿಸ್ಟಲಿನ ಲಿಂಡೆನ್, ಪೊಪೆಸ್ಕು, ಸ್ಕ್ರಿಪ್‌ಚಿಕ್ ಎಂಬ ಮೂವರು, ಶೈತ್ಯಯಂತ್ರವನ್ನು ಎಷ್ಟು ಕಿರಿದಾಗಿಸಬಹುದೆಂದು ಕೇಳಿ, ಎರಡೇ ಮಟ್ಟಗಳುಳ್ಳ ಕ್ವಾಂಟಂ ಘಟಕಗಳಾದ ಒಂದೆರಡು ಕ್ಯೂಬಿಟ್‌ಗಳಷ್ಟಕ್ಕೆ ಎಂದು ತೋರಿಸಿದರು. 2019ರಲ್ಲಿ ಸಿಂಗಪುರದಲ್ಲಿ ಬಲೆಗೆ ಬಿದ್ದ ಮೂರು ಅಯಾನುಗಳ ಕಂಪನಗಳಿಂದ ಅಂಥದೊಂದು ಓಡಿತು. 2025ರಲ್ಲಿ ಸ್ವೀಡನ್ನಿನ ಗೊಟೆನ್‌ಬರ್ಗಿನ ಚಾಲ್ಮರ್ಸ್ ಸಂಸ್ಥೆಯವರು, ಅತಿವಾಹಕ ಮಂಡಲಗಳಿಂದ ಮಾಡಿದ ಅಂಥದೇ ಒಂದು ಶೈತ್ಯಯಂತ್ರಕ್ಕೆ ತರಂಗನಾಳದ ಮೂಲಕ ಬಿಸಿ ಆಗರದ ಶಾಖವನ್ನೇ ಉಣಿಸಿ, ಬೇರಾವ ಹೊರಗಿನ ನಿಯಂತ್ರಣವೂ ಇಲ್ಲದೆ, ಕ್ವಾಂಟಂ ಗಣಕದ ಒಂದು ಕ್ಯೂಬಿಟ್ಟನ್ನು ಲೆಕ್ಕಕ್ಕೆ ಮೊದಲಾಗಿ ಬೇಕಾದ ತಣ್ಣನೆಯ ಸ್ಥಿತಿಗೆ ಇಳಿಸಿದ ವರದಿಯನ್ನು ಪ್ರಕಟಿಸಿದರು.